ಬಣ್ಣದ ಡಬ್ಬಿಯ ನಿಂಬೆ

೧೪ ಜೂನ್, ಇಂಡಿ
ಚಹಾ, ಪೇಪರ್, ಆಮೇಲೆ ಮಾಳಿಗೆ. ಖಾಲಿ ಬಣ್ಣದ ಡಬ್ಬಿಯಲ್ಲಿ ನಿಂಬೆ ಕಸಿ ನೆಟ್ಟು ವಾರವಾಯಿತು. ತಳಕ್ಕೆ ತೂತು ಹೊಡೆಯುವಾಗ ಹೆಬ್ಬೆರಳಿಗೂ ಹೊಡೆದುಕೊಂಡೆ. ಉಗುರು ಕಪ್ಪು.
ಹೆಂಡತಿ ತುಳಸಿಗೆ ನಗು. "ತ್ವಾಟ ತುಂಬಿದ ಇಂಡಿ ಊರಾಗ ಲಿಂಬಿ ಡಬ್ಬ್ಯಾಗ ಹಚ್ಚಿದವ್ರು ನೀವ ಮೊದಲ್ನ್ಯಾವ್ರು ನೋಡ್ರಿ."
ಅವಳ ತಮ್ಮ ಧೀರೇಂದ್ರನಿಗೆ ಸಾಲೋಟಗಿಯಲ್ಲಿ ನಿಂಬೆ ತೋಟ. ಫೋನಿನಲ್ಲಿ ಅಂದ: "ಭಾವಜಿ, ರಿಟೈರ್ ಆಗೂತನಕ ಸಾಲ್ಯಾಗ ವಿಜ್ಞಾನ ಕಲಿಸೀರಿ. ಒಂದ ಕಾಯಿ ಬೆಳದ ತೋರಸ್ರಿ ನೋಡೂಣು."
ತೋರಿಸುತ್ತೇನೆ.

೧ ಜುಲೈ
ಹೊಸ ಎಲೆ! ಮುಟ್ಟಿದೆ. ಮತ್ತೆ ಮುಟ್ಟಿದೆ.
"ನಮ್ಮ ಮಕ್ಕಳು ಹುಟ್ಟಿದಾಗ ಇಷ್ಟ ನೋಡಿದ್ದಿಲ್ಲ," ಅಂದಳು ತುಳಸಿ.
ಮೂರನೆಯ ಸಲ ಮುಟ್ಟಿದೆ.

೯ ಆಗಸ್ಟ್, ಮಧ್ಯಾಹ್ನ
ಸರ್ವನಾಶ. ಪಕ್ಕದ ಮನೆ ರಾಜಬಿಯ ಆಡು ಮೆಟ್ಟಿಲು ಹತ್ತಿ ಬಂದು ಎಲೆಯೆಲ್ಲ ತಿಂದು, ತುದಿ ಕಡಿದು, ಡಬ್ಬಿಯ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಕೂಗಿದೆ. ಏಳಲೂ ಇಲ್ಲ.
"ಆಡಿಗೇನ ಗೊತ್ರಿ ಮಾಸ್ತರ, ಅದು ಸಾಲಿಗೆ ಹೋಗಿಲ್ಲ," ಅಂದಳು ರಾಜಬಿ, ಬಾಯಿಗೆ ಸೆರಗು ಒತ್ತಿಕೊಂಡು. ನಗುತ್ತಿದ್ದಳು!
ಇನ್ನು ಅವಳೊಡನೆ ಮಾತಿಲ್ಲ.

೩೦ ಆಗಸ್ಟ್
ಮಾತಿಲ್ಲ. ತುಳಸಿ ಮಾತ್ರ ಗೋಡೆಗೊರಗಿ ಅವಳೊಡನೆ ತಾಸುಗಟ್ಟಲೆ ಹರಟೆ. ದ್ರೋಹ.

೬ ಸೆಪ್ಟೆಂಬರ್
ಆಡು ಕಡಿದಲ್ಲೇ ಚಿಗುರು! ಕಡ್ಡಿಯಂತಿದ್ದದ್ದು ಪೊದೆಯಾಗುತ್ತಿದೆ. ಧೀರೇಂದ್ರನಿಗೆ ಫೋನು.
"ತುದಿ ಕತ್ತರಿಸಿದ್ರೇನು? ಶಾಣ್ಯಾ ಆದ್ರಿ ಭಾವಜಿ!"
ಹ್ಞೂಂ ಅಂದೆ.

೨೨ ಅಕ್ಟೋಬರ್
ಹೂವು. ಮಾಳಿಗೆಯೆಲ್ಲ ಘಮ. ರಾಜಬಿ ಅಂಗಳದಿಂದಲೇ ಮೂಗೆತ್ತಿ, "ಹೂ ಬಿಟ್ಟೇತೇನ್ರಿ ಮಾಸ್ತರ? ನಮ್ಮ ಆಡಿಂದೂ ಪಾಲ ಐತಿ ಮತ್ತ!"
ಮಾತಿಲ್ಲವಲ್ಲ — ಕೆಮ್ಮಿದೆ.

೧೧ ನವೆಂಬರ್
ಗಾಳಿಗೆ ಹೂವೆಲ್ಲ ಉದುರಿತು. ಕಾಯಿ ಕಚ್ಚಿದ್ದು ಒಂದೇ.

೨ ಮೇ, ಬೆಳಗ್ಗೆ
ಹಳದಿಗೆ ತಿರುಗಿದೆ. ನಾಳೆ ಧೀರೇಂದ್ರ ನೋಡಲು ಬರುತ್ತಾನೆ. ತುಳಸಿಗೆ ಕಟ್ಟಪ್ಪಣೆ — ಮುಟ್ಟಬೇಡ.

ಅದೇ ದಿನ, ಸಂಜೆ
ಆಡು ಹುಡುಕುತ್ತ ಬಿಸಿಲಲ್ಲಿ ಅಲೆದ ರಾಜಬಿ ನಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಕಣ್ಣಿಗೆ ಕತ್ತಲು. ತುಳಸಿ ಗಾಳಿ ಬೀಸುತ್ತ, "ಲಿಂಬಿ ಶರಬತ್ತ ಕೊಡೂಣಂದ್ರ ಮನ್ಯಾಗ ಒಂದೂ ಇಲ್ಲಲ್ರಿ!"
ಊರ ತುಂಬ ನಿಂಬೆ ಲಾರಿ. ಮನೆಯಲ್ಲಿ ಒಂದಿಲ್ಲ. ಎದುರಿನ ಅಂಗಡಿಗೆ ಓಡಿದೆ — ಬೀಗ. ಮಾಳಿಗೆಗೆ ಹೋದೆ. ಅದರ ಮುಂದೆ ನಿಂತೆ. ಕಿತ್ತೆ.
ಅರ್ಧ ಲೋಟ ಕುಡಿದ ಮೇಲೆ ರಾಜಬಿಯ ಮುಖಕ್ಕೆ ಕಳೆ ಬಂತು.
"ನಿಮ್ಮ ಗಿಡದ್ದೇನ್ರಿ ಮಾಸ್ತರ?"
"ಹೌದು."
"ಒಂದ ಇತ್ತಲ್ರಿ..." ಅತ್ತುಬಿಟ್ಟಳು.
ಕೇಳಿದೆ, "ಉಪ್ಪ ಸಾಕೇನು?"

೩ ಮೇ
ಧೀರೇಂದ್ರ ಬಂದ. ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದ. "ಕಾಯಿ ಎಲ್ಲೈತಿ ಭಾವಜಿ?"
ನಾನು ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ರಾಜಬಿ: "ನಾ ಕುಡದೇನ್ರಿ ಸಾಹೇಬ್ರ! ಹಿಂತಾ ಲಿಂಬಿ ನಿಮ್ಮ ತೋಟದಾಗ ಸಿಗೂದಿಲ್ಲ!"
ಅವನು ಖಾಲಿ ತೊಟ್ಟನ್ನು ಬೆರಳಿಂದ ಮುಟ್ಟಿ ನೋಡಿದ. ನಗಲಿಲ್ಲ. "ಖರೇನ ಬೆಳದೀರಿ," ಅಂದ.
ಈಗ ಕೆಳಗೆ ಮೂವರೂ ಚಹಾಕ್ಕೆ ಕುಳಿತಿದ್ದಾರೆ. ರಾಜಬಿಯ ದನಿ — "ಮಾಸ್ತರ, ಮತ್ತ ಮಾತ ಬಿಟ್ಟೀರೇನು?"
ಇಲ್ಲ ಮಾರಾಯ್ತಿ, ಬಂದೆ, ಬಂದೆ.