ಎರಡು ದಿನ ಮುಂಚೆ ತುಂಬಿದ ಬಾಟಲಿಗಳು

ಮಾರ್ಚ್ 8, ಬೆಳಗ್ಗೆ

ಕೋಳಿಗಳಿಗೆ ಕಾಳು ಹಾಕಿ ಬಂದೆ. ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಪಾಪ್ಲರ್ ಮರಗಳ ತುದಿ ಮಾತ್ರ ಕಾಣುತ್ತಿದೆ, ಬುಡವೇ ಇಲ್ಲದೆ ತೇಲುತ್ತಿರುವ ಹಾಗೆ. ಟೀ ಬಗ್ಗಿಸುವಾಗ ಫೋನ್. ತಮ್ಮ ಕ್ಲೈವ್. ಕ್ರಿಸ್‌ಮಸ್‌ಗೊಂದು, ನನ್ನ ಹುಟ್ಟುಹಬ್ಬಕ್ಕೊಂದು — ಅದು ಬಿಟ್ಟರೆ ಫೋನ್ ಮಾಡುವವನಲ್ಲ.

"ಏಪ್ರಿಲ್ ಕೊನೇಲಿ ಬರ್ತೀನಿ ಕಣೇ. ಒಂದು ವಾರ ಇರ್ತೀನಿ. ಟೌನ್ಸ್‌ವಿಲ್ ಸೆಕೆಗೆ ಬೆಂದುಹೋಗಿದೀನಿ."

"ಬಾರೋ. ಏನು ಮಾಡಿಡ್ಲಿ?"

"ಅಪ್ಪ ಮನೇಲಿ ಮಾಡ್ತಿದ್ದ ಬಿಯರ್ ಮಾಡಿಡು."

ಬಗ್ಗಿಸುತ್ತಿದ್ದ ಟೀ ಕಪ್ಪು ತುಂಬಿ ಮೇಜಿಗೆ ಹರಿಯಿತು.

"ಎನಿಡ್? ಇದ್ದೀಯೇನೇ?"

ಇದ್ದೀನಿ ಅಂದೆ. ಬಿಯರ್ ಕಾಯಿಸಿ ಹನ್ನೆರಡು ವರ್ಷವಾಯಿತು.

ಮಾರ್ಚ್ 10

ಶೆಡ್ ಬಾಗಿಲು ತೆಗೆದೆ. ಸ್ಟೀಲ್ ಪಾತ್ರೆಯಲ್ಲಿ ಜೇಡ ಸಂಸಾರ ಹೂಡಿದೆ. ಗೋಡೆಯ ಹಲಗೆಯಲ್ಲಿ ನಾಟಿದ ಒಂದು ಗಾಜಿನ ಚೂರು, ಇನ್ನೂ ಅಲ್ಲೇ. ಬಿಸಿಲು ಬಿದ್ದಾಗ ಜೇನಿನ ಬಣ್ಣ. ಚೆಂದ ಕಂಡಿತು... ಹಾಗೆ ಅನ್ನಿಸಬಾರದಿತ್ತು.

ಹನ್ನೆರಡು ವರ್ಷದ ಹಿಂದೆ, ಆವತ್ತು, ಕ್ಲೈವ್ ಇಲ್ಲೇ ಬಿಯರ್ ಬಾಟಲಿಗಳ ಕ್ರೇಟ್ ಎತ್ತಲು ಬಗ್ಗಿದ. ಬಾಟಲಿ ಸಿಡಿಯಿತು. ಎಡಗಣ್ಣು ಹೋಯಿತು. ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ, ಆ ಕೆಲಸವೂ ಹೋಯಿತು. ಊರು ಬಿಟ್ಟು ಉತ್ತರದ ಟೌನ್ಸ್‌ವಿಲ್‌ಗೆ ಹೋದ, ಮಾವಿನಹಣ್ಣು ಪ್ಯಾಕ್ ಮಾಡುವ ಕೆಲಸಕ್ಕೆ. ಸೆಕೆಗೆ ಸಿಡಿಯಿತು ಅಂದರು ಎಲ್ಲರೂ. ನಾನೂ ಹೌದೆಂದು ತಲೆಯಾಡಿಸಿದೆ.

ಸೆಕೆ ಅಲ್ಲ. ಬಕೆಟ್‌ನಲ್ಲಿ ಯೀಸ್ಟ್ ಇನ್ನೂ ಸಕ್ಕರೆ ತಿಂದು ಗಾಳಿ ಉಗುಳುತ್ತಿತ್ತು. ಅಳೆದಿದ್ದೆ. ಗೊತ್ತಿತ್ತು. ಇನ್ನೆರಡು ದಿನ ಬಿಡಬೇಕಿತ್ತು. ಶನಿವಾರ ಹೋಬಾರ್ಟ್‌ನಲ್ಲಿ ಒಂದು ಮದುವೆ, ಹೊರಡುವ ಆತುರ... ಗುರುವಾರವೇ ಬಾಟಲಿಗೆ ತುಂಬಿ ಬಿರಡೆ ಒತ್ತಿದೆ.

ಇದನ್ನು ಎಲ್ಲಿಯೂ ಬರೆದಿರಲಿಲ್ಲ. ಇಲ್ಲಿಯೂ.

ಮಾರ್ಚ್ 16, ಭಾನುವಾರ

ಪಕ್ಕದ ಹಾಪ್ಸ್ ತೋಟದ ಲೋರ್ನಾ ಬಂದಳು. ಚೀಲದ ತುಂಬ ಬಿಯರ್‌ಗೆ ಕಹಿ ಕೊಡುವ ಹಸಿ ಹೂವು, ಕೊಯ್ಲಿನ ಕೊನೆಯ ಬಳ್ಳಿಯದು.

"ಹಳೇ ಪ್ರಿಯಕರನ ಹತ್ರ ವಾಪಸ್ ಹೋಗ್ತಿದೀಯಂತೆ?" ಸ್ಟೀಲ್ ಪಾತ್ರೆ ತೋರಿಸಿ ಅಂದಳು.

"ಹೂಂ. ಹೊಟ್ಟೆ ಮಾತ್ರ ದೊಡ್ಡದು ಅವನಿಗೆ. ಇಪ್ಪತ್ಮೂರು ಲೀಟರ್."

"ನನ್ನ ಗಂಡನಿಗಿಂತ ಕಮ್ಮೀನೇ ಬಿಡು."

ಅವಳು ಹೋದಮೇಲೆ ಒಲೆ ಹಚ್ಚಿದೆ. ಮೊಳಕೆ ಬಾರ್ಲಿ ಬಿಸಿನೀರಿಗೆ ಬಿದ್ದದ್ದೇ ತಡ — ಆ ವಾಸನೆ! ಬಿಸ್ಕತ್ತು, ಒದ್ದೆ ಹುಲ್ಲು, ಅಪ್ಪನ ಸ್ವೆಟರ್. ಕೈ ತಾನಾಗಿ ತಿರುವುತ್ತಿತ್ತು. ಹೂವು ಹಾಕಿದಾಗ ಹಸಿರು ಆವಿ ಎದ್ದು ಕಿಟಕಿ ಮಸುಕಾಯಿತು. ಹೊರಗೆ ತೋಟವೂ ಇರಲಿಲ್ಲ, ವರ್ಷಗಳೂ ಇರಲಿಲ್ಲ. ಒಂದು ಗಂಟೆ ಕುದಿಯಬೇಕು, ಎರಡು ನಿಮಿಷದಲ್ಲಿ ಮುಗಿದಂತಾಯಿತು. ಆರಿಸಿ, ಬಕೆಟ್‌ಗೆ ಸುರಿದು, ಯೀಸ್ಟ್ ಉದುರಿಸಿದೆ.

ಮಾರ್ಚ್ 18, ಮಧ್ಯಾಹ್ನ

ಗುಳುಕ್... ಗುಳುಕ್... ಬಕೆಟ್ ಉಸಿರಾಡುತ್ತಿದೆ. ಅದರ ಪಕ್ಕದ ಕುರ್ಚಿಯಲ್ಲೇ ನಿದ್ದೆ ಹತ್ತಿತು. ಕನಸಿನಲ್ಲಿ ನದಿ ಕಂದು ಬಣ್ಣಕ್ಕೆ ತಿರುಗಿ ಮೆಲ್ಲಗೆ ನೊರೆಯುತ್ತಿತ್ತು. ಆರು ವರ್ಷದ ಕ್ಲೈವ್ ದಂಡೆಯಲ್ಲಿ ಚಡ್ಡಿ ಮಡಚಿ ನಿಂತಿದ್ದ. ಎರಡೂ ಕಣ್ಣು ಅರಳಿಸಿ, "ಆಳ ಎಷ್ಟಿದೆಯೇ?" ಅಂದ. ಮೊಣಕಾಲುದ್ದ ಅಂದೆ. ಸುಳ್ಳು. ಇಳಿದೇಬಿಟ್ಟ.

ಎದ್ದವಳೇ ಬಕೆಟ್‌ನ ಮುಚ್ಚಳ ಮುಟ್ಟಿ ನೋಡಿದೆ.

ಮಾರ್ಚ್ 31

ಅಳೆಯುವ ಗಾಜಿನ ಕಡ್ಡಿ 27ನೇ ತಾರೀಕು ಸಾವಿರದ ಹದಿನಾಲ್ಕು ತೋರಿಸಿತ್ತು. 29ನೇ ತಾರೀಕು ಸಾವಿರದ ಹನ್ನೊಂದು. ನಿನ್ನೆ ಅಷ್ಟೇ. ಇವತ್ತೂ ಅಷ್ಟೇ. ಅಂಕಿ ಇಳಿಯುವುದು ನಿಂತರೆ ಯೀಸ್ಟ್ ಸಕ್ಕರೆ ತಿಂದು ಮುಗಿಸಿದೆ ಎಂದರ್ಥ. ತುಂಬಬಹುದು.

ತುಂಬಲಿಲ್ಲ.

ಏಪ್ರಿಲ್ 3

ಬೆಳಗ್ಗೆ ಐದನೇ ಸಲ ಅಳೆದೆ. ಅಲುಗಿಲ್ಲ. ಮೂವತ್ತು ಬಾಟಲಿ. ಒಂದೊಂದಕ್ಕೂ ಬಿರಡೆ ಒತ್ತಿದೆ. ಕ್ರೇಟ್‌ಗಳ ಮೇಲೆ ಎರಡೆರಡು ದಪ್ಪ ಕಂಬಳಿ ಹೊದಿಸಿದೆ. ಮಗುವಿಗೆ ಹೊದಿಸಿದ ಹಾಗೆ ಅಂತ ಬರೆಯಹೊರಟಿದ್ದೆ — ಅಲ್ಲ. ಹೆದರಿಕೆಗೆ ಹೊದಿಸಿದ್ದು.

ಏಪ್ರಿಲ್ 26

ಕ್ಲೈವ್ ಬಂದ, ಬಾಡಿಗೆ ಕಾರಿನಲ್ಲಿ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಅವನ ಬಲಕ್ಕೆ ಬರುವ ಹಾಗೆ ಕುರ್ಚಿ ಎಳೆದುಕೊಂಡು ಕೂತ. ಎಲೆ ಉದುರುವ ಕಾಲ, ಅಂಗಳದಲ್ಲಿ ಪಾಪ್ಲರ್ ಎಲೆ ಹಳದಿಯಾಗಿ ಉದುರುತ್ತಿತ್ತು. ಅವನಿಗೆ ಮುಟ್ಟಲು ಬಿಡದೆ ಬಾಟಲಿ ನಾನೇ ತೆಗೆದೆ. ಅದು ಸಣ್ಣ ನಿಟ್ಟುಸಿರು ಬಿಟ್ಟಿತು, ಅಷ್ಟೇ.

"ಅಪ್ಪನದಕ್ಕಿಂತ ಒಂಚೂರು ಕಹಿ," ಅಂದ. ಇನ್ನೊಂದು ಗುಟುಕು. "ಚೆನ್ನಾಗಿದೆ ಕಣೇ. ನನಗೆ ಇದು ಬೇಕಿತ್ತು. ಕುಡಿದು ಆ ಹಳೇದನ್ನೆಲ್ಲ ಮುಗಿಸಿಬಿಡೋಣ ಅಂತ ಬಂದೆ. ಎಷ್ಟು ವರ್ಷ ಅಂತ ನನ್ನನ್ನೇ ಬೈಕೊಂಡಿರಲಿ?"

"ನಿನ್ನನ್ಯಾಕೆ?"

"ಆ ಕ್ರೇಟ್ ಕಿಟಕಿ ಕೆಳಗೆ ಇಟ್ಟೋನು ನಾನಲ್ವಾ? ಬಿಸಿಲು ಬೀಳೋ ಜಾಗದಲ್ಲಿ."

ಹನ್ನೆರಡು ವರ್ಷ ನನ್ನ ಮೌನವನ್ನು ಇವನು ಹೊತ್ತಿದ್ದಾನೆ. ಹೇಳಿದೆ. ಅಳೆದದ್ದು, ಗೊತ್ತಿದ್ದೂ ತುಂಬಿದ್ದು.

"ಎಷ್ಟು ದಿನ ಮುಂಚೆ?"

"ಎರಡು."

"ಯಾಕೆ?"

"ಮದುವೆಗೆ ಹೋಗೋದಿತ್ತು."

"ಯಾರ ಮದುವೆ?"

ಹೆಸರು ನೆನಪಿಗೆ ಬರಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ. ಅವನು ಕಾದ. ಆಮೇಲೆ ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು ಕಾರಿಗೆ ಹೋದ.

ಏಪ್ರಿಲ್ 27

ಫೋನ್ ಇಲ್ಲ. ನ್ಯೂ ನಾರ್ಫೋಕ್‌ನ ಮೋಟೆಲ್‌ನಲ್ಲಿದ್ದಾನಂತೆ, ಲೋರ್ನಾ ಕಾರು ನೋಡಿದಳಂತೆ.

ಏಪ್ರಿಲ್ 30, ಬೆಳಗ್ಗೆ

ಮಂಜಿನೊಳಗಿಂದ ನಡೆದು ಬಂದ. ಕಾರನ್ನು ಗೇಟಿನಾಚೆಯೇ ಬಿಟ್ಟಿದ್ದ. ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ.

"ಈ ಸಲ ಎಷ್ಟು ಸಲ ಅಳೆದೆ?"

"ಐದು."

"ಕೋಪ ಹೋಗಿಲ್ಲ ನನಗೆ."

"ಹೋಗ್ಬೇಕು ಅಂತ ಕೇಳ್ತಿಲ್ಲ ಕಣೋ."

"ಕ್ಷಮಿಸಿದೀನಿ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ."

"ಇಲ್ಲ."

ಬೂಟಿನ ಕೆಸರನ್ನು ಮೆಟ್ಟಿಲಿಗೆ ಉಜ್ಜಿದ. ಬಹಳ ಹೊತ್ತು ಉಜ್ಜಿದ.

"ಬಾರ್ಲಿ ಉಳಿದಿದೆಯೇನೇ?"

ಮೇ 1

ಬೆಳಗ್ಗೆಯಿಂದ ಹೊಸ ಬಿಯರ್ ಕಾಯಿಸುತ್ತ ಶೆಡ್‌ನಲ್ಲಿದ್ದೇವೆ. ಹೆಚ್ಚು ಮಾತಿಲ್ಲ. ಲೋರ್ನಾ ಒಣಗಿಸಿದ ಹೂವು ಕೊಟ್ಟು, ಇಬ್ಬರ ಮುಖ ನೋಡಿ, ಏನೂ ಕೇಳದೆ ಹೋದಳು. ಕ್ಲೈವ್ ಅಳೆಯುವ ಕಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡ. ಬಲಗಣ್ಣಿಗೆ ತೀರ ಹತ್ತಿರ ಹಿಡಿದು ಓದಿದ.

"ನಾಡಿದ್ದು ನಿನ್ನ ವಿಮಾನ," ಅಂದೆ. "ಬಕೆಟ್‌ಗೆ ಹದಿನೈದು ದಿನ ಬೇಕು."

"ಟಿಕೆಟ್ ಮುಂದಕ್ಕೆ ಹಾಕಿಸ್ತೀನಿ. ಅಳೆಯೋದನ್ನ ನಿನಗೆ ಬಿಟ್ಟು ಹೋಗ್ತೀನಾ?"

ಅವನು ನಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ. ಆದರೂ ಹದಿನೈದು ದಿನ... ಅಡಿಗೆಮನೆಗೆ ಬಂದು ಹಾಗೇ ನಿಂತೆ, ಇದನ್ನು ಗೀಚುತ್ತಿದ್ದೇನೆ. ಮೇಲಿನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಬೇಕು, ಮೀನು ತರಿಸಬೇಕು, ಮತ್ತೆ ಅವನಿಗೆ —

ಕೂಗುತ್ತಿದ್ದಾನೆ. "ಎನಿಡ್! ಉಕ್ತಾ ಇದೆ ಕಣೇ, ಓಡಿ ಬಾ!"

ಬಂದೆ, ಬಂದೆ... ನೊರೆ ಪಾತ್ರೆಯ ಅಂಚು ದಾಟುವ ಮೊದಲು ಹೋಗಬೇಕು.