ಕಾಯುವ ಬೀದಿಗೆ ಹೋದ ಕಾಳಿನ ಪಾತ್ರೆ

ಮೆಸ್ಕೀಟೆ ಬೀದಿ,
ಅಕ್ಟೋಬರ್ ಕೊನೆಯ ಭಾನುವಾರ

ಪ್ರೀತಿಯ ಕೊಮಾದ್ರೆ ಒಡಿಲಿಯಾಳಿಗೆ,

ನದಿಯ ಈಚೆ ದಡದ ಸಮಸ್ತ ನಾಗರಿಕರ ಗಮನಕ್ಕೆ ತರುವುದೇನೆಂದರೆ, ನೀಲಿ ಪಾತ್ರೆಯ ಮುಚ್ಚಳ ಸಿಕ್ಕಿದೆ. ಚರ್ಚಿನ ಗಂಟೆ ಬಾರಿಸಿಯೇ ಈ ಸುದ್ದಿ ಸಾರಬೇಕೆಂದಿದ್ದೆ. ಪಾದ್ರಿಗಳು ಊರಲ್ಲಿಲ್ಲ, ಗಂಟೆಯ ಹಗ್ಗ ಇಲಿ ತಿಂದಿದೆ, ಹಾಗಾಗಿ ಪತ್ರವೇ ಗತಿ. ಅದು ಇಷ್ಟು ದಿನ ನಮ್ಮ ಹಿತ್ತಲಲ್ಲೇ ಅಂಗಾತ ಬಿದ್ದಿತ್ತು. ನನ್ನ ಪತಿದೇವರು ಫಿದೆನ್ಸಿಯೊ ಅದರಲ್ಲಿ ಕೋಳಿಗಳಿಗೆ ನೀರಿಡುತ್ತಿದ್ದರು. ಕೇಳಿದರೆ, "ಮುಚ್ಚಳ ಅಂತ ಅದರ ಮೇಲೆ ಎಲ್ಲಿ ಬರ್ದಿತ್ತು?" ಎಂದರು. ಈಗ ಪಾತ್ರೆ ನಿನ್ನ ಹತ್ತಿರ, ಮುಚ್ಚಳ ನನ್ನ ಹತ್ತಿರ. ಸ್ಯಾನ್ ಆಂಟೋನಿಯೊದ ಮಗಳ ಮನೆಗೆ ಹೊರಡುವಾಗ ಯಾರಾದರೂ ಬೇರೆಯವರ ಪಾತ್ರೆಯಲ್ಲಿ ಒಳಲಂಗ ತುಂಬಿಕೊಂಡು ಹೋಗುತ್ತಾರೆಯೇ? ನೀನು ಹೋದೆ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಸೋಮಾರಿತನ ಎಂದೇ ಇಟ್ಟುಕೋ. ನಾನು ಚೆನ್ನಾಗಿದ್ದೇನೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲು ಚಾಚಿಕೊಂಡು, ರಾಣಿಯ ಹಾಗೆ ಬರೆಯುತ್ತಿದ್ದೇನೆ. ಸತ್ತವರ ಹಬ್ಬ ಹತ್ತಿರ ಬಂತು. ಚೆಂಡುಹೂವು ತಂದಾಗಿದೆ, ಅಪ್ಪನ ಪಟ ಒರೆಸಿಟ್ಟಿದ್ದೇನೆ. ಮೊನ್ನೆ ಫಿದೆನ್ಸಿಯೊ ಮೇಣದಬತ್ತಿ ಜೋಡಿಸುತ್ತಾ, "ಒಡಿಲಿಯಾ ಕಾಲಿಗೂ ಒಂದು ಹಚ್ಚೇ. ಅದೂ ನಮ್ಮ ಮನೆಗೆ ಎಷ್ಟು ಸಲ ಬಂದಿಲ್ಲ, ನೆಂಟರೇ ಅಲ್ವಾ?" ಎಂದರು. ನೀನಿದ್ದಿದ್ದರೆ ನಗುತ್ತಿದ್ದೆ ಎಂದು ನಾನೂ ನಕ್ಕೆ. ಒಂದು ಬತ್ತಿ ಎತ್ತಿಟ್ಟಿದ್ದೇನೆ, ದಪ್ಪದ್ದು.

ನೀನು ಕೇಳಿದ್ದೀಯ, "ವ್ಯಾನು ಯಾಕೆ ಮತ್ತೆ ಬರಲಿಲ್ಲ? ನಾವು ಅಂಥಾದ್ದೇನು ಮಾಡಿದ್ವಿ?" ಎಂದು. ಹೇಳುತ್ತೇನೆ. ನಾವು ಮಾಡಿದ್ದು ಅಪರಾಧವೇ. ಕಾಳು ಬೇಯಿಸಿದೆವು.

ಮೊದಲ ದಿನ ನಿನಗೆ ನೆನಪಿರಬೇಕು. ವಿಶ್ವವಿದ್ಯಾಲಯದಿಂದ ಡಾಕ್ಟರ್ ಪ್ರೆಸ್ಕಾಟ್ ಬಂದಳು. ಪಾಪ, ಒಳ್ಳೆಯ ಹುಡುಗಿ. ಆಗಿನ್ನೂ ನಮ್ಮ ಭಾಷೆಯನ್ನು ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದಳು. ನಮ್ಮಲ್ಲಿ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ, ಅದನ್ನು ಇಳಿಸುವ ದಾರಿ ಹುಡುಕಬೇಕು, ಅದೂ ನಮ್ಮ ಜೊತೆಗೂಡಿಯೇ ಹುಡುಕಬೇಕು ಎಂದಳು. ನಮ್ಮನ್ನು ಸುತ್ತಲೂ ಕೂರಿಸಿ, "ಇಲ್ಲಿ ನೀವೇ ಯಜಮಾನರು" ಎಂದಳು. ಯಜಮಾನರಾಗಿ ನಾವು ಮೂರು ಸಭೆ ನಡೆಸಿ, ನಮಗೆಲ್ಲ ಹಂಚುವ ಅಂಗಿಯ ಬಣ್ಣ ತೀರ್ಮಾನಿಸಿದೆವು. ಅಂಗಿಯ ಮೇಲೆ ಹೃದಯದ ಚಿತ್ರ ಇರಬೇಕೋ ಸೂರ್ಯಕಾಂತಿ ಇರಬೇಕೋ ಎಂದು ನೀನೂ ಡೋನ್ಯಾ ಕ್ರೆಸೆನ್ಸಿಯಾಳೂ ಒಂದು ವಾರ ಮಾತು ಬಿಟ್ಟಿದ್ದಿರಿ. ಆ ಮುದುಕಿ ಇನ್ನೂ ಸೂರ್ಯಕಾಂತಿಯ ಪಕ್ಷವೇ. ಆದರೆ ಯಾವ ಬೀದಿ ಮೊದಲು ಎಂದು ನಾಣ್ಯ ಚಿಮ್ಮಿದ ದಿನ ಮಾತ್ರ ಯಜಮಾನರಿಗೆ ಕರೆ ಬರಲಿಲ್ಲ. ನಮ್ಮ ಮೆಸ್ಕೀಟೆ ಬೀದಿ ಕಲಿಯುವ ಬೀದಿಯಾಯಿತು. ಎದುರಿನ ನಿಮ್ಮ ನೊಪಾಲ್ ಬೀದಿ ಕಾಯುವ ಬೀದಿಯಾಯಿತು. ನಮಗೆ ಪಾಠ, ಅಡುಗೆ, ವಾರಕ್ಕೊಮ್ಮೆ ವ್ಯಾನು, ವ್ಯಾನಿನಲ್ಲಿ ಪಾದ ತಿರುಗಿಸಿ ನೋಡುವ ನರ್ಸು. ನಿಮಗೆ ಒಂದು ವರ್ಷ ಕಾದರೆ ಇದೆಲ್ಲವೂ, ಆಮೇಲೆ ಎರಡೂ ಬೀದಿಗೆ ವ್ಯಾನು ಕಾಯಂ. ಅಲ್ಲಿಯವರೆಗೆ ಕಲಿತದ್ದನ್ನು ಆಚೆ ಬೀದಿಗೆ ಹೇಳಬಾರದು ಎಂದು ಕೇಳಿಕೊಂಡಳು.

ನಾವೆಲ್ಲ ತಲೆಯಾಡಿಸಿದೆವು. ಮನೆಗೆ ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಏನಾದರೂ ಕೇಳಿದರೆ ಇಲ್ಲ ಎನ್ನುವುದು ಯಾವ ತಾಯಿ ಕಲಿಸಿದ ಪಾಠ?

ಮೊದಲ ಪಾಠ ಹಂದಿಕೊಬ್ಬಿಲ್ಲದೆ ಕಾಳು ಬೇಯಿಸುವುದು. ಅವತ್ತೇ ಸಂಜೆ ನೀಲಿ ಪಾತ್ರೆ ರಸ್ತೆ ದಾಟಿತು. ನನ್ನ ಮಗಳನ್ನು ಜ್ಞಾನಸ್ನಾನದ ತೊಟ್ಟಿಯ ಮೇಲೆ ಎತ್ತಿ ಹಿಡಿದು ನನಗೆ ಕೊಮಾದ್ರೆಯಾದವಳು ನೀನು. ಒಂದು ಮಗುವಿಗೆ ಎರಡನೇ ತಾಯಿಯಾದವಳಿಗೆ ಒಂದು ವರ್ಷ ಕಾಳು ಕೊಡಬೇಡ ಎಂದರೆ ಆಗುತ್ತದೆಯೇ? ನೀನು ತಿಂದು, "ಇದೇನೇ, ಆಸ್ಪತ್ರೆ ಗೋಡೆ ನೆಕ್ಕಿದ ಹಾಗಿದೆ" ಎಂದೆ. ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ, ಅದರ ತುಂಬ ಪಾಪಸುಕಳ್ಳಿಯ ಪಲ್ಯ ಹಾಕಿ, "ಇದನ್ನ ತಿಂದು ಬಾಯಿ ತೊಳ್ಕೋ" ಎಂದು ಕಳಿಸಿದೆ. ನಾನೂ ಖಾಲಿ ಕಳಿಸಲಾರೆ. ಮತ್ತೆ ಕಾಳು. ನಮ್ಮ ಬೀದಿಯಲ್ಲಿ ಯಾರಿಗೆ ನಿಮ್ಮ ಬೀದಿಯಲ್ಲಿ ಕೊಮಾದ್ರೆ ಇಲ್ಲ ಹೇಳು? ವರ್ಷವಿಡೀ ಆ ಮಣ್ಣುರಸ್ತೆಯಲ್ಲಿ ನಾಯಿಗಳಿಗಿಂತ ಪಾತ್ರೆಗಳೇ ಹೆಚ್ಚು ಓಡಾಡಿದವು. ಸಂಜೆ ಕಾಲುವೆ ದಂಡೆಯ ಮೇಲೆ ನಡೆಯಬೇಕು ಎಂದು ಪಾಠವಾದರೆ ನೀನೂ ಜೊತೆಗೆ ಬಂದೆ. ಮತ್ತೇನು, ಕಾಯುವ ಬೀದಿಯವಳು ಹಿಂದೆ ನಿಲ್ಲು ಎನ್ನಬೇಕಿತ್ತೇ? ನಾನು ರೊಟ್ಟಿ ಕಡಿಮೆ ಮಾಡಿದೆ. ಕೋಕ್ ಬಿಟ್ಟೆ, ಭಾನುವಾರ ಬಿಟ್ಟು. ಎಲ್ಲ ರಸ್ತೆ ದಾಟಿತು. ಪಾತ್ರೆಯಲ್ಲಿ ಹಿಡಿಸದೆ ಈಚೆ ಉಳಿದದ್ದು ನರ್ಸು ಒಬ್ಬಳೇ.

ವರ್ಷ ಮುಗಿಯಿತು. ಲೆಕ್ಕ ಹಾಕುವ ತನಕ ವ್ಯಾನು ಬರುವುದಿಲ್ಲ, ಸ್ವಲ್ಪ ದಿನ ಅಷ್ಟೇ ಎಂದರು. ಆ ಸ್ವಲ್ಪ ದಿನದಲ್ಲೇ ನಿನ್ನ ಎಡ ಹಿಮ್ಮಡಿಯಲ್ಲಿ ಗುಳ್ಳೆ ಎದ್ದದ್ದು. ನೋವಿಲ್ಲ, ಏನೂ ಇಲ್ಲ ಎಂದೆ ನೀನು. ನೋವಾಗದ್ದೇ ಕೆಟ್ಟದ್ದು ಎಂದು ಹೇಳುವವಳು ವ್ಯಾನಿನ ಜೊತೆಗೇ ಹೋಗಿದ್ದಳು.

ಕೊನೆಯ ಸಭೆ ಆಗಸ್ಟಿನಲ್ಲಿ. ನೀನು ಪಟ್ಟಣದ ಆಸ್ಪತ್ರೆಯಲ್ಲಿದ್ದೆ. ಡಾಕ್ಟರಮ್ಮ ಗೋಡೆಯ ಮೇಲೆ ಎರಡು ಗೆರೆ ತೋರಿಸಿದಳು. ಒಂದು ನಮ್ಮ ಬೀದಿಯ ಸಕ್ಕರೆ, ಒಂದು ನಿಮ್ಮ ಬೀದಿಯದು. ಎರಡೂ ಹೊಸ ಮದುಮಕ್ಕಳ ಹಾಗೆ ಅಂಟಿಕೊಂಡು ಕೆಳಗಿಳಿದಿದ್ದವು. ನಾವು ಚಪ್ಪಾಳೆ ತಟ್ಟಿದೆವು. ಅವಳು ತಟ್ಟಲಿಲ್ಲ.

"ಎರಡೂ ಇಳಿದಿದೆ ಅಂದ್ರೆ ಒಳ್ಳೇದಲ್ವೇನಮ್ಮಾ?" ಎಂದಳು ಕ್ರೆಸೆನ್ಸಿಯಾ.

"ಒಳ್ಳೇದೇ. ಆದ್ರೆ ನಾವು ಪಾಠ ಹೇಳಿದ ಬೀದಿಗೂ ಹೇಳದ ಬೀದಿಗೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇಲ್ಲ ಅಂದ್ರೆ ಪಾಠದಿಂದ ಉಪಯೋಗ ಆಯ್ತು ಅಂತ ಹೇಳೋಕಾಗಲ್ಲ. ದುಡ್ಡು ಕೊಡೋರು ನಿಲ್ಲಿಸ್ತಿದ್ದಾರೆ."

ನಾನು ಎದ್ದು ನಿಂತು ಪಾತ್ರೆಯ ಕಥೆಯನ್ನೆಲ್ಲ ಹೇಳಿದೆ. ಕಾಳು, ಕಳ್ಳಿ, ಕಾಲುವೆ ದಂಡೆ. ಉಪಯೋಗ ಆದದ್ದಕ್ಕೇ ಹೀಗಾಗಿದೆ ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

"ಹೇಳಬೇಡಿ ಅಂತ ಕೇಳಿಕೊಂಡಿದ್ದೆ ಡೆಲ್ಫಿನಾ. ನೀವೆಲ್ಲ ಒಪ್ಪಿದ್ರಿ."

"ನಾವು ಎಲ್ಲಿ ಹೇಳಿದ್ವಿ? ಊಟ ಕಳಿಸಿದ್ವಿ" ಎಂದಳು ಕ್ರೆಸೆನ್ಸಿಯಾ.

"ಈಗ ಇದನ್ನೇ ಅವರಿಗೆ ಬರೆದು ಹಾಕಿ" ಎಂದೆ ನಾನು.

"ಬರೀತೀನಿ. ಬರೆದ್ರೆ ಅಧ್ಯಯನ ಕೆಟ್ಟಿದೆ ಅಂತಾರೆ. ಬರೀದಿದ್ರೆ ಪಾಠ ಕೆಟ್ಟದು ಅಂತಾರೆ. ಎರಡರಲ್ಲೂ ವ್ಯಾನು ಬರಲ್ಲ." ಆಮೇಲೆ ಸುತ್ತ ನೋಡಿ, "ಒಡಿಲಿಯಾ ಎಲ್ಲಿ? ಎಲ್ಲಾ ಸಭೆಗೂ ಮೊದಲು ಬರೋರು" ಎಂದಳು.

"ಕಾಲು ತೆಗೆಸ್ಕೊಳ್ಳೋಕೆ ಹೋಗಿದ್ದಾಳೆ" ಎಂದಳು ಕ್ರೆಸೆನ್ಸಿಯಾ, ನೀನು ಅಂಗಡಿಗೆ ಹೋಗಿರುವ ಹಾಗೆ.

ಡಾಕ್ಟರಮ್ಮ ಅತ್ತಳು, ಒಡಿಲಿಯಾ. ನಿಜವಾಗಿ ಅತ್ತಳು. ಅಳುವ ಅತಿಥಿಯನ್ನು ಹಸಿದು ಕಳಿಸಲು ಬರುತ್ತದೆಯೇ? ಒಂದು ಡಬ್ಬಿಯಲ್ಲಿ ಕಾಳು ಹಾಕಿಕೊಟ್ಟೆವು. ಹಂದಿಕೊಬ್ಬು ಹಾಕಿದ್ದು, ಹಳೆಯ ಥರದ್ದು. ಆ ಡಬ್ಬಿ ಇನ್ನೂ ವಾಪಸು ಬಂದಿಲ್ಲ. ಬರುವುದೂ ಇಲ್ಲ. ಅವರ ಕಡೆ ಪಾತ್ರೆಗಳು ಒಂದೇ ದಿಕ್ಕಿಗೆ ಹೋಗುತ್ತವೆ.

ಹೋಗುವಾಗ ನಮಗೆಲ್ಲ ಒಂದೊಂದು ಪ್ರಶಂಸಾಪತ್ರ ಕೊಟ್ಟಳು. ಗೌರವಾನ್ವಿತ ಸಮುದಾಯ ಪಾಲುದಾರರು ನಾವು. ನಿನ್ನದೂ ನನ್ನ ಹತ್ತಿರವಿದೆ. ಫಿದೆನ್ಸಿಯೊ ಅದನ್ನು ಮುರಿದ ಕಿಟಕಿಗೆ ಅಂಟಿಸೋಣ ಎಂದರು. ನಾನು ಬಿಡಲಿಲ್ಲ. ನನ್ನದನ್ನು ಅಂಟಿಸಿದ್ದೇವೆ. ಕಾಗದ ದಪ್ಪವಿದೆ, ಗಾಳಿ ಚೆನ್ನಾಗಿ ತಡೆಯುತ್ತದೆ. ಅಷ್ಟು ಉಪಯೋಗ ಖಂಡಿತ ಆಯಿತು, ಅದಕ್ಕೆ ಯಾವ ಗೆರೆಯೂ ಬೇಕಿಲ್ಲ.

ಇಷ್ಟೇ ನಾವು ಮಾಡಿದ್ದು. ಇನ್ನು ಕೊರಗಬೇಡ. ಮತ್ತೆ ಅದೇ ಮಣ್ಣುರಸ್ತೆ, ಅದೇ ಪಾತ್ರೆ ಬಂದರೆ ಮತ್ತೆ ಕಳಿಸುತ್ತೇನೆ, ಇನ್ನೂ ಸ್ವಲ್ಪ ಖಾರ ಹಾಕಿ. ಗುವಾಡಲೂಪೆಯ ದೇವಮಾತೆ ನಿನ್ನನ್ನೂ ನಿನ್ನ ಮಗಳನ್ನೂ ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ. ಉಳಿದಿರುವ ಕಾಲಿಗೆ ದೃಷ್ಟಿ ತಾಗದಿರಲಿ.

ನಿನ್ನ ಕೊಮಾದ್ರೆ,
ಡೆಲ್ಫಿನಾ

ತಾ.ಕ.: ರಾಣಿಯ ಹಾಗೆ ಕಾಲು ಚಾಚಿಕೊಂಡಿದ್ದೇನೆ ಎಂದೆನಲ್ಲ, ಅದು ಆಸ್ಪತ್ರೆಯವರ ಅಪ್ಪಣೆ. ನಿನ್ನನ್ನು ನೋಡಲು ಪಟ್ಟಣಕ್ಕೆ ಬರುವಾಗಲೆಲ್ಲ ಬಸ್ಸಿನವರೆಗೆ ನಡೆದೆನಲ್ಲ, ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚಪ್ಪಲಿ ಕಚ್ಚಿತ್ತು. ನಿನಗೆ ಹೇಗೆ ಏನೂ ಅನಿಸಲಿಲ್ಲವೋ ನನಗೂ ಹಾಗೇ ಏನೂ ಅನಿಸಲಿಲ್ಲ. ದಿನಾ ಅಂಗಾಲಿಗೆ ಕನ್ನಡಿ ಹಿಡಿದು ನೋಡಬೇಕೆಂದು ನಿನಗೆ ಹೇಳಿಕೊಟ್ಟವಳೇ ನಾನು. ಮೂರು ತಿಂಗಳಿಂದ ನಾನು ನಿನ್ನ ಕಾಲನ್ನೇ ನೋಡುತ್ತಿದ್ದೆ. ಗುರುವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ತೆಗೆಯುವುದು ಪಾದ ಮಾತ್ರ ಎನ್ನುತ್ತಾರೆ, ನಿನಗೂ ಮೊದಲು ಹಾಗೇ ಅಂದಿದ್ದರು. ಮೇಣದಬತ್ತಿಯ ಆ ತಮಾಷೆಯೇ ಕೊನೆ, ಮಾರನೆಯ ದಿನ ಇದು ಗೊತ್ತಾದ ಮೇಲೆ ಫಿದೆನ್ಸಿಯೊ ಒಂದೂ ತಮಾಷೆ ಮಾಡಿಲ್ಲ. ಸುಮ್ಮನೆ ಕೋಳಿಗಳಿಗೆ ನೀರಿಡುತ್ತಾರೆ, ಬೇರೆ ತಟ್ಟೆಯಲ್ಲಿ.

ಒಂದು ಸಣ್ಣ ಕೆಲಸ ಮಾಡಿಕೊಡು. ನಮ್ಮಿಬ್ಬರ ಕಾಲಿನ ಅಳತೆ ಒಂದೇ ಅಲ್ಲವೇ? ನಿನಗೆ ಬೇಡವಾದ ಎಡಗಾಲಿನ ಚಪ್ಪಲಿಗಳನ್ನು ಮಗಳು ಕಸಕ್ಕೆ ಹಾಕದ ಹಾಗೆ ನೋಡಿಕೋ. ಈ ಕಡೆ ಬರುವವರು ಯಾರಾದರೂ ಇದ್ದರೆ ನೀಲಿ ಪಾತ್ರೆಯಲ್ಲಿ ಹಾಕಿ ಕಳಿಸು. ಹೇಗೂ ಅದು ಖಾಲಿ ಬರಬಾರದು.