ಎರಡೇ ಸೀಟಿನ ಕೆಂಪು ಕಾರು

ರೀ,

ನಿಮ್ಮ ಆಸೆಯ ಫಾರಿನ್ ಕಾರು ಹುಡುಕಿ ಹುಡುಕಿ ನನಗೆ ಸಾಕಾಗಿಹೋಗಿದೆ. ನೀವು ತೀರಿಕೊಂಡ ಮೇಲೆ ನಾನೂ ಡ್ರೈವಿಂಗ್ ಕಲಿತೆ ಎಂದರೆ ನಂಬುತ್ತೀರಾ? ಅರಸೀಕೆರೆಯ ಕೊಬ್ಬರಿ ಮಂಡಿಯವರೆಲ್ಲ ಈಗ ನಮ್ಮ ಅಂಬಾಸಿಡರ್ ಕಂಡರೆ ದೂರದಿಂದಲೇ ದಾರಿ ಬಿಡುತ್ತಾರೆ.

ಹಾಸನದಲ್ಲಿ ಒಬ್ಬ ತೋರಿಸಿದ ಸ್ಪೋರ್ಟ್ಸ್ ಕಾರು ನಮ್ಮ ದೇಶದ ಮಾರುತಿಯೇ. ಬಣ್ಣ ಬಳಿದು, ಹಿಂದೊಂದು ರೆಕ್ಕೆ ಅಂಟಿಸಿದ್ದ. ಇನ್ನೊಂದಕ್ಕೆ ಎಂಜಿನ್ನೇ ಇರಲಿಲ್ಲ. "ಬಾಂಬೆಯಿಂದ ಬತ್ತಾ ಐತೆ" ಅಂತೆ!

ಇವತ್ತು ಬ್ರೋಕರ್ ಓಂಕಾರಪ್ಪ ಬಿಕ್ಕೋಡಿನ ಎಸ್ಟೇಟಿಗೆ ಕರೆದುಕೊಂಡು ಹೋದ. ಅಲ್ಲಿದ್ದ ಕೆಂಪು ಕಾರು ಅಪ್ಪಟ ಇಟಲಿಯದು. ನೀವು ಮಂಡಿಯ ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನ ಕಾರಿನ ಹಾಗೇ ಇದೆ. "ಎರಡೇ ಸೀಟು, ಮಕ್ಕಳನ್ನೇನು ಡಿಕ್ಕಿಗೆ ಹಾಕ್ತೀರಾ?" ಎಂದು ನಾನು ರೇಗುತ್ತಿದ್ದೆನಲ್ಲ, ಅದೇ. ಎಷ್ಟು ತಗ್ಗೆಂದರೆ, ಸೀರೆ ಎತ್ತಿ ಹಿಡಿದು, ಪಂಕ್ತಿ ಊಟಕ್ಕೆ ಕೂತ ಹಾಗೆ ಕೂರಬೇಕಾಯಿತು. ದಾರಿಯಲ್ಲಿ ಹಗರೆಯ ರೋಡ್ ಹಂಪು ದಾಟುವುದು ಹೇಗೋ, ದೇವರೇ ಬಲ್ಲ.

ಕೂತು ನೋಡಿದರೆ ಎದುರಿಗೇ ಸ್ಟೇರಿಂಗು! ಓಡಿಸಿ ನೋಡಲು ಬಂದವಳು, ಇಷ್ಟು ವರ್ಷ ನಿಮ್ಮ ಪಕ್ಕ ಕೂತ ಅಭ್ಯಾಸಕ್ಕೆ ಎಡಗಡೆ ಬಾಗಿಲು ತೆಗೆದಿದ್ದೆ.

"ಫಾರಿನ್ ಕಾರಲ್ವಾ ಅಮ್ಮಾ, ಸ್ಟೇರಿಂಗು ಎಡಕ್ಕೇ ಇರೋದು" ಎಂದು ಓಂಕಾರಪ್ಪ ನಕ್ಕ. ನಾನೂ ನಕ್ಕೆ. ಆಮೇಲೆ ಬಲಗಡೆ, ನೀವು ಕೂರುತ್ತಿದ್ದ ಕಡೆ, ತಿರುಗಿದೆ. ಆ ಸೀಟಿನ ಬೆಲ್ಟು ಕಿತ್ತುಹೋಗಿತ್ತು.

"ಮೊದ್ಲು ಅದನ್ನ ರಿಪೇರಿ ಮಾಡ್ಸಪ್ಪ, ಆಮೇಲೆ ರೇಟು ಮಾತಾಡಣ" ಎಂದೆ.

"ಓಡಾಡೋದು ನೀವೊಬ್ರೇ ಅಲ್ವಾ ಅಮ್ಮಾ? ಆ ಕಡೆ ಯಾರು ಕೂರ್ತಾರೆ?"

"ಮಾಡ್ಸು ಅಂದ್ರೆ ಮಾಡ್ಸು."